ಹಕ್ಕಿಯ ತೂಕಕ್ಕೆ ವಿಷದ ಅಳತೆ

ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ನಮ್ಮ ಕಡೆ ಮೂರು ಹೆಸರುಗಳುಂಟು. ಮಾರುವ ಅಂಗಡಿಯಲ್ಲಿ ಅದು ‘ಔಷಧ’. ಪಂಪು ಹೊತ್ತು ಸಾಲಿನಲ್ಲಿ ನಡೆಯುವವನ ಬಾಯಲ್ಲಿ ಅದು ‘ಎಣ್ಣಿ’. ಕೆಂಪು, ಹಳದಿ ಗುರುತಿನ ಡಬ್ಬಿಗಳ ಮೇಲೆ ಕಾನೂನಿನ ಪ್ರಕಾರ ಅಚ್ಚಾಗಿರುವ ಹೆಸರು ‘ವಿಷ’. ಬೆಳೆಯ ಪಾಲಿಗೆ ಅದು ಔಷಧವಾಗಿರಬಹುದು, ಹುಳುವಿನ ಪಾಲಿಗೆ ವಿಷವಾಗಿರಬಹುದು. ಆದರೆ ಹುಳುವನ್ನು ತಿನ್ನುವ ಕಾಜಾಣ, ಕಾಳನ್ನು ಹೆಕ್ಕುವ ಬೆಳವ, ಇಲಿಯನ್ನು ಹಿಡಿಯುವ ಗೂಬೆ, ಬದುವಿನ ಮುಂಗುಸಿ, ಮೇವು ತಿನ್ನುವ ದನ – ಇವುಗಳ ಪಾಲಿಗೆ ಅದು ಏನು? ಎಷ್ಟು? ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳು ಸುಮಾರು ನೂರು ವರ್ಷಗಳಿಂದ ಅಳತೆಗೋಲುಗಳನ್ನು ಮಾಡುತ್ತ ಬಂದಿದ್ದಾರೆ. ಒಂದು ಅಳತೆಗೋಲು ಸಾಲದೆಂದು ತಿಳಿದಾಗಲೆಲ್ಲ, ಅದನ್ನು ತಿಳಿಸಿಕೊಟ್ಟದ್ದು ಎಲ್ಲೋ ಒಂದು ಹೊಲದಲ್ಲಿ ಸತ್ತುಬಿದ್ದ ಹಕ್ಕಿ ಅಥವಾ ಪ್ರಾಣಿ. ಆ ಚರಿತ್ರೆಯನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ರಾಯಚೂರು, ದೇವದುರ್ಗ, ಮಾನ್ವಿಗಳ ನೆಲದಲ್ಲಿ ನಿಂತೇ ಅದನ್ನು ನೋಡೋಣ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ಎಂದು ಕರೆದಿವೆ. ಇದಕ್ಕಾಗಿ ಅರಸರು ಕಾದಾಡಿದ್ದು, 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದದ್ದು ನೀವು ಬಲ್ಲ ಸಂಗತಿ. ಆ ಕಾಲದಿಂದ ಇತ್ತೀಚಿನವರೆಗೂ ಇಲ್ಲಿನ ಎರೆಭೂಮಿ ಮಳೆಯನ್ನು ನಂಬಿ ಬಿಳಿಜೋಳ, ಹತ್ತಿ, ಕಡಲೆ ಬೆಳೆದ ನೆಲ. ಬೆಳೆಯ ಜೊತೆಯಲ್ಲಿ ಹಕ್ಕಿಗಳೂ ಇದ್ದವು, ಅವುಗಳ ಕಾಟವೂ ಇತ್ತು. ಜೋಳದ ತೆನೆ ಹಾಲುಗಾಳಾಗುವ ಹೊತ್ತಿಗೆ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸುವುದು ಮನೆಯ ಹುಡುಗರ ಕೆಲಸವಾಗಿತ್ತು. ಹಕ್ಕಿಯನ್ನು ಓಡಿಸುತ್ತಿದ್ದರು, ಹಕ್ಕಿ ಮರುದಿನ ಮತ್ತೆ ಬರುತ್ತಿತ್ತು.

1931-32ರಲ್ಲಿ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಹೈದರಾಬಾದು ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದರು. ರಾಯಚೂರು ಆಗ ಆ ಸಂಸ್ಥಾನದ ಒಂದು ಜಿಲ್ಲೆ. ಸಮೀಕ್ಷೆಯ ವರದಿಗಳು ಬೊಂಬಾಯಿಯ ನಿಸರ್ಗ ಚರಿತ್ರೆಯ ಸಂಘದ ಪತ್ರಿಕೆಯಲ್ಲಿ ಅಚ್ಚಾದವು. ಅಂದು ಡಿ.ಡಿ.ಟಿ.ಗೆ ಹುಳುಗಳನ್ನು ಕೊಲ್ಲುವ ಶಕ್ತಿಯಿದೆ ಎಂಬುದೇ ಜಗತ್ತಿಗೆ ಗೊತ್ತಿರಲಿಲ್ಲ. ಆದುದರಿಂದ ಆ ವರದಿಗಳನ್ನು ವ್ಯಾಪಾರದ ಲೆಕ್ಕದ ಮಾತಿನಲ್ಲಿ ಆರಂಭ ಶಿಲ್ಕು ಎನ್ನಬಹುದು. ಮುಂದೆ ಆದ ನಷ್ಟವನ್ನು ಎಣಿಸಬೇಕಾದರೆ ಮೊದಲು ಏನಿತ್ತು ಎಂದು ಬರೆದಿಟ್ಟ ಇಂಥ ಪುಟ ಬೇಕು.

ಡಿ.ಡಿ.ಟಿ.ಯನ್ನು 1874ರಲ್ಲೇ ಒಬ್ಬ ರಸಾಯನಶಾಸ್ತ್ರಜ್ಞ ತಯಾರಿಸಿದ್ದ. ಅದು ಹುಳುಗಳನ್ನು ಕೊಲ್ಲುತ್ತದೆಂದು 1939ರಲ್ಲಿ ಕಂಡುಹಿಡಿದವರು ಸ್ವಿಟ್ಜರ್ಲೆಂಡಿನ ಪೌಲ್ ಮುಲ್ಲರ್. 1948ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು, ಅದೂ ವೈದ್ಯಶಾಸ್ತ್ರದಲ್ಲಿ. ಅದಕ್ಕೆ ಕಾರಣವಿತ್ತು. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ತಗಲುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆದ ಮೇಲೆ, 1960ರ ದಶಕದ ನಡುವಿನಲ್ಲಿ ರೋಗಿಗಳ ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಇಂಥ ವಸ್ತುವನ್ನು ಜನ ಔಷಧವೆಂದು ಕರೆದದ್ದರಲ್ಲಿ ಆಶ್ಚರ್ಯವೇನು?

ಅದೇ 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಹರಿಯಿತು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರುಗಳನ್ನು ದಾಟಿ ಮಾನ್ವಿ, ರಾಯಚೂರುಗಳ ಕಡೆಗೆ ಬಂತು. ಜೋಳದ ಹೊಲ ಗದ್ದೆಯಾಯಿತು. ಆಂಧ್ರದ ಕರಾವಳಿಯಿಂದ ನೀರಾವರಿ ಬೇಸಾಯ ಬಲ್ಲ ಕುಟುಂಬಗಳು ಬಂದು ನೆಲೆಸಿದವು; ಅವರು ಕಟ್ಟಿಕೊಂಡ ಊರುಗಳಿಗೆ ಇಂದಿಗೂ ‘ಕ್ಯಾಂಪು’ ಎಂದೇ ಹೆಸರು. ವರ್ಷಕ್ಕೊಂದು ಬೆಳೆ ಇದ್ದಲ್ಲಿ ಎರಡು ಬೆಳೆ ಬಂತು. ಬೆಳೆ ಬಿಡುವಿಲ್ಲದೆ ನಿಂತ ಕಡೆ ಹುಳುವೂ ಬಿಡುವಿಲ್ಲದೆ ನಿಲ್ಲುತ್ತದೆ. ಮುಂದೆ ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ಕೃಷ್ಣೆಯ ನೀರನ್ನು ತಂದಿತು. 1970ರ ದಶಕದಿಂದ ಹೈಬ್ರಿಡ್ ಹತ್ತಿ ಹರಡಿತು. ಹೆಚ್ಚು ಇಳುವರಿ, ಹೆಚ್ಚು ಗೊಬ್ಬರ, ಹೆಚ್ಚು ಕಾಯಿಕೊರಕ, ಹೆಚ್ಚು ಎಣ್ಣಿ – ಹೀಗೆ ಒಂದರ ಹಿಂದೆ ಒಂದು ಬಂದವು.

ಹೀಗಿರಲು, ವಿಷದ ಬಲವನ್ನು ಅಳೆಯುವ ಮೊದಲ ಅಳತೆಗೋಲು ಯಾವುದು? 1927ರಲ್ಲಿ ಇಂಗ್ಲೆಂಡಿನ ಟ್ರೆವನ್ ಎಂಬ ವಿಜ್ಞಾನಿ ಅದನ್ನು ಹೇಳಿಕೊಟ್ಟರು. ನೂರು ಇಲಿಗಳಿಗೆ ಒಂದು ವಸ್ತುವನ್ನು ಕೊಟ್ಟಾಗ ಎಷ್ಟು ಕೊಟ್ಟರೆ ಐವತ್ತು ಸಾಯುತ್ತವೆಯೋ ಅದೇ ಆ ವಸ್ತುವಿನ ಅರ್ಧಮಾರಕ ಪ್ರಮಾಣ. ಅದನ್ನು ದೇಹತೂಕದ ಒಂದು ಕಿಲೋಗ್ರಾಮಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತಾರೆ. ಅಂಕಿ ಚಿಕ್ಕದಾದಷ್ಟೂ ವಿಷ ಘೋರ. ಡಿ.ಡಿ.ಟಿ.ಗೆ ಇಲಿಯಲ್ಲಿ ಇದು ನೂರಕ್ಕಿಂತ ಸ್ವಲ್ಪ ಹೆಚ್ಚು. ಆ ಲೆಕ್ಕದಲ್ಲಿ ಅದು ಅಷ್ಟೇನೂ ಭಯಂಕರವಲ್ಲ.

ನಮ್ಮ ದೇಶದ ಕಾನೂನಿಗೂ ಈ ಅಳತೆಗೋಲೇ ಆಧಾರವಾಯಿತು. ಕಾನೂನು ಹುಟ್ಟಿದ ಸಂದರ್ಭ ದುಃಖದ್ದು. 1958ರಲ್ಲಿ, ಹಡಗಿನಲ್ಲಿ ಪಾರಾಥಿಯಾನ್ ಎಂಬ ವಿಷದ ಜೊತೆಗೆ ಬಂದ ಗೋಧಿಹಿಟ್ಟಿಗೆ ಅದು ಸೋರಿ ಬೆರೆತು, ಆ ಹಿಟ್ಟನ್ನು ಉಂಡು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ವಿಚಾರಣೆ ನಡೆದು, ಕೊನೆಗೆ 1968ರಲ್ಲಿ ಕೀಟನಾಶಕ ಕಾಯಿದೆ ಬಂತು; 1971ರಿಂದ ಅದು ಜಾರಿಗೆ ಬಂತು. ಮನುಷ್ಯರಿಗೂ ಪ್ರಾಣಿಗಳಿಗೂ ಅಪಾಯವಾಗದಂತೆ ತಡೆಯುವುದು ತನ್ನ ಉದ್ದೇಶವೆಂದು ಕಾಯಿದೆಯ ಮೊದಲಲ್ಲೇ ಹೇಳಿದೆ. ಆದರೆ ‘ಪ್ರಾಣಿ’ ಎಂದರೆ ಯಾರು? ಮನುಷ್ಯನಿಗೆ ಉಪಯೋಗವಾಗುವ ಪ್ರಾಣಿಗಳು, ಮೀನು, ಕೋಳಿಯಂಥವು, ಹಾಗೂ ಕಾಪಾಡಲು ತಕ್ಕವೆಂದು ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸುವ ವನ್ಯಜೀವಿಗಳು ಎಂದು ಅದರ ಅರ್ಥವಿವರಣೆ. ಕಾಜಾಣವೂ ನೀಲಕಂಠವೂ ದಿನವಿಡೀ ನಮ್ಮ ಹೊಲದ ಹುಳು ತಿನ್ನುತ್ತವೆ. ಅವು ಉಪಯೋಗದ ಪ್ರಾಣಿಗಳೇ ಅಲ್ಲವೇ ಎಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ಮುಂದಿನ ಸಲ ಕೀಟನಾಶಕದ ಡಬ್ಬಿ ಕಂಡಾಗ ಅದರ ಮೇಲೆ ಓರೆಯಾಗಿ ನಿಂತ ಚೌಕವನ್ನು ನೋಡಿರಿ. ಅದರ ಕೆಳಗಿನ ತ್ರಿಕೋನಕ್ಕೆ ಬಣ್ಣವಿರುತ್ತದೆ. ಕೆಂಪು ಎಂದರೆ ಅರ್ಧಮಾರಕ ಪ್ರಮಾಣ 50 ಮಿಲಿಗ್ರಾಮಿನೊಳಗೆ. ಹಳದಿ ಎಂದರೆ 500ರೊಳಗೆ. ನೀಲಿ ಎಂದರೆ 5000ದೊಳಗೆ. ಹಸಿರು ಅದಕ್ಕೂ ಮೇಲೆ. ಇದು ಬಹಳ ಉಪಯೋಗದ ಗುರುತು. ಪಂಪು ಹೊರುವವನ ಜೀವ ಉಳಿಸುವ ಗುರುತು. ಆದರೆ ಇದು ಇಲಿಯಂಥ ಪ್ರಯೋಗದ ಪ್ರಾಣಿಗಳ ಮೇಲೆ ಅಳೆದದ್ದು. ಹಕ್ಕಿಯ ಮೇಲೆ ಅಳೆದದ್ದಲ್ಲ. ಒಂದೇ ಸಲ ತಿಂದರೆ ಸಾಯುತ್ತದೆಯೇ ಎಂದು ಕೇಳುತ್ತದೆ. ದಿನದಿನವೂ ಸ್ವಲ್ಪ ಸ್ವಲ್ಪ ತಿಂದರೆ ಏನಾಗುತ್ತದೆ ಎಂದು ಕೇಳುವುದಿಲ್ಲ.

ಈ ಎರಡನೆಯ ಪ್ರಶ್ನೆಯನ್ನು ಮೊದಲು ಕೇಳಿಸಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಸರೋವರ. ಅದರ ಹೆಸರು ಕ್ಲಿಯರ್ ಲೇಕ್. ಅಲ್ಲಿ ಕಚ್ಚದ, ಆದರೆ ಪ್ರವಾಸಿಗಳಿಗೆ ಕಿರಿಕಿರಿ ಮಾಡುವ ಒಂದು ಬಗೆಯ ನೊರಜು ಇತ್ತು. ಅದನ್ನು ಕೊಲ್ಲಲು 1949ರಲ್ಲಿಯೂ, ಮತ್ತೆ 1954 ಮತ್ತು 1957ರಲ್ಲಿಯೂ ಡಿ.ಡಿ.ಟಿ.ಯ ಹತ್ತಿರದ ಬಂಧುವಾದ ಡಿ.ಡಿ.ಡಿ.ಯನ್ನು ನೀರಿಗೆ ಬೆರೆಸಿದರು. ಬೆರೆಸಿದ್ದು ಹೆಚ್ಚೆಂದರೆ ಐದು ಕೋಟಿ ಪಾಲು ನೀರಿಗೆ ಒಂದು ಪಾಲು ವಿಷದಂತೆ. ಯಾರಿಗೂ ಏನೂ ಆಗದು ಎಂದುಕೊಂಡಿದ್ದರು. ಆದರೆ ಗುಳುಮುಳುಕ ಜಾತಿಯ ನೀರುಹಕ್ಕಿಗಳು ನೂರಾರು ಸತ್ತವು. ಅವುಗಳ ಕೊಬ್ಬನ್ನು ಪರೀಕ್ಷಿಸಿದಾಗ ಹತ್ತು ಲಕ್ಷಕ್ಕೆ 1600 ಪಾಲು ವಿಷ ಕಂಡಿತು. ನೀರಿನಲ್ಲಿದ್ದುದಕ್ಕಿಂತ ಎಂಬತ್ತು ಸಾವಿರ ಪಟ್ಟು! ನೀರಿನ ಸೂಕ್ಷ್ಮಜೀವಿಗಳನ್ನು ಚಿಕ್ಕ ಮೀನು ತಿಂದು, ಅದನ್ನು ದೊಡ್ಡ ಮೀನು ತಿಂದು, ಅದನ್ನು ಹಕ್ಕಿ ತಿಂದು, ಮೆಟ್ಟಿಲು ಮೆಟ್ಟಿಲಾಗಿ ವಿಷ ಕೂಡಿಕೊಂಡಿತ್ತು. ರೇಚಲ್ ಕಾರ್ಸನ್ 1962ರಲ್ಲಿ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಈ ಘಟನೆಯನ್ನು ಜಗತ್ತಿಗೆ ತಿಳಿಸಿದರು.

ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಬೈರಿ ಎಂಬ ಡೇಗೆಗಳು ಹೆಚ್ಚಿವೆ, ನಮ್ಮ ಪಂದ್ಯದ ಪಾರಿವಾಳಗಳನ್ನು ಹಿಡಿಯುತ್ತಿವೆ ಎಂದು ಪಾರಿವಾಳ ಸಾಕುವವರು ಸರ್ಕಾರಕ್ಕೆ ದೂರು ಕೊಟ್ಟರು. ದೂರು ನಿಜವೇ ಎಂದು ನೋಡಲು ಡೆರೆಕ್ ರಾಟ್‌ಕ್ಲಿಫ್ ಎಂಬ ವಿಜ್ಞಾನಿ 1961-62ರಲ್ಲಿ ಬೈರಿಗಳ ಗಣತಿ ಮಾಡಿಸಿದರೆ, ಹೆಚ್ಚಾಗುವುದಿರಲಿ, ಬಂಡೆಬಂಡೆಗಳಲ್ಲಿ ಗೂಡುಗಳೇ ಬರಿದಾಗಿದ್ದವು. ಇದ್ದ ಗೂಡುಗಳಲ್ಲಿ ಮೊಟ್ಟೆಗಳು ಒಡೆದಿದ್ದವು. ಹವ್ಯಾಸಿಗಳೂ ವಸ್ತುಸಂಗ್ರಹಾಲಯದವರೂ ಹತ್ತಾರು ವರ್ಷಗಳಿಂದ ಕೂಡಿಟ್ಟಿದ್ದ ಮೊಟ್ಟೆಗಳ ಸಿಪ್ಪೆಯನ್ನು ಅವರು ತೂಗಿ, ಅಳೆದು ನೋಡಿದರು. 1947ರ ಸುಮಾರಿನಿಂದ ಈಚಿನ ಸಿಪ್ಪೆಗಳು ಹಿಂದಿನವಕ್ಕಿಂತ ಐದರಲ್ಲೊಂದು ಪಾಲಿನಷ್ಟು ಹಗುರವಾಗಿದ್ದವು. ಡಿ.ಡಿ.ಟಿ. ಬಳಕೆಗೆ ಬಂದದ್ದೂ ಆ ವರ್ಷಗಳಲ್ಲೇ. 1967ರಲ್ಲಿ ಈ ಶೋಧ ಪ್ರಕಟವಾಯಿತು. ವಿಷ ತಾಯಿಹಕ್ಕಿಯನ್ನು ಕೊಂದಿರಲಿಲ್ಲ. ಮೊಟ್ಟೆಗೆ ಸುಣ್ಣದಂಶ ಸೇರದಂತೆ ಮಾಡಿತ್ತು. ತಾಯಿ ಕಾವಿಗೆ ಕುಳಿತರೆ ಅದರ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. ಹೀಗೆ ಎರಡನೆಯ ಅಳತೆಗೋಲು ಬಂತು: ಸತ್ತದ್ದೆಷ್ಟು ಎಂದು ಮಾತ್ರವಲ್ಲ, ಹುಟ್ಟದೆ ಹೋದದ್ದೆಷ್ಟು ಎಂದೂ ಎಣಿಸಬೇಕು. ಅಮೆರಿಕ 1972ರಲ್ಲಿ ಡಿ.ಡಿ.ಟಿ.ಯನ್ನು ನಿಲ್ಲಿಸಿತು, ನಮ್ಮಲ್ಲಿ 1989ರಲ್ಲಿ ಬೇಸಾಯಕ್ಕೆ ಅದರ ಬಳಕೆ ನಿಂತಿತು. ಬ್ರಿಟನ್ನಿನ ಬಂಡೆಗಳಿಗೆ ಬೈರಿಗಳು ಮರಳಿ ಬಂದವು.

ಮೂರನೆಯ ಪಾಠ ನಮ್ಮ ದೇಶದ್ದೇ. ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ 1987-88ರಿಂದ 1989-90ರ ನಡುವೆ 18 ಸಾರಸ ಪಕ್ಷಿಗಳೂ, ಅವುಗಳೊಂದಿಗೆ ಬೆಳವ, ಪಾರಿವಾಳಗಳೂ ಸತ್ತುಬಿದ್ದವು. ಧಾಮದ ಒಳಗೆ ಯಾರೂ ವಿಷ ಹಾಕಿರಲಿಲ್ಲ. ಸುತ್ತಲಿನ ಹೊಲಗಳಲ್ಲಿ ಗೆದ್ದಲಿನಿಂದ ಬೀಜ ಉಳಿಯಲೆಂದು ಗೋಧಿಗೆ ಆಲ್ಡ್ರಿನ್ ಲೇಪಿಸಿ ಬಿತ್ತಿದ್ದರು. ಹಕ್ಕಿಗಳು ಆ ಬೀಜವನ್ನು ಹೆಕ್ಕಿದ್ದವು. ಎಕರೆಗೆ ಇಷ್ಟು ಎಂದು ಲೆಕ್ಕ ಹಾಕಿದರೆ ಆ ವಿಷ ಅತ್ಯಲ್ಪ. ಆದರೆ ಹಕ್ಕಿ ಎಕರೆಯನ್ನು ತಿನ್ನುವುದಿಲ್ಲ, ಬೀಜವನ್ನು ತಿನ್ನುತ್ತದೆ. ವಿಷವೆಲ್ಲ ಇದ್ದದ್ದು ಆ ಬೀಜದ ಮೇಲೆಯೇ. ಆಲ್ಡ್ರಿನ್ ನಮ್ಮಲ್ಲಿ 1996ರಲ್ಲಿ ನಿಷೇಧವಾಯಿತು.

ನಾಲ್ಕನೆಯ ಪಾಠ ಹತ್ತಿ ಬೆಳೆಯುವವರೆಲ್ಲ ತಿಳಿಯತಕ್ಕದ್ದು. ಡಿ.ಡಿ.ಟಿ.ಯಂಥವು ನೆಲದಲ್ಲಿ ವರ್ಷಗಟ್ಟಲೆ ಉಳಿಯುತ್ತವೆಂದು ತಿಳಿದ ಮೇಲೆ, ಬೇಗ ಕರಗಿಹೋಗುವ ರಂಜಕದ ಜಾತಿಯ ವಿಷಗಳು ಬಂದವು. ಮಾನೋಕ್ರೋಟೋಫಾಸ್ ಅವುಗಳಲ್ಲೊಂದು, ನಮ್ಮ ಹತ್ತಿ ಹೊಲಗಳಲ್ಲಿ ಬಹುಕಾಲ ಮನೆಮಾತಾಗಿದ್ದ ಎಣ್ಣಿ. ಅದರ ಅರ್ಧಮಾರಕ ಪ್ರಮಾಣ ಇಲಿಗೆ ಕಿಲೋಗ್ರಾಮಿಗೆ ಸುಮಾರು 14 ಮಿಲಿಗ್ರಾಂ. ಅನೇಕ ಜಾತಿಯ ಹಕ್ಕಿಗಳಿಗೆ 5 ಮಿಲಿಗ್ರಾಮೂ ಬೇಡ. ಇಲಿಯ ಅಳತೆಗೋಲು ಹಕ್ಕಿಗೆ ಒಪ್ಪುವುದಿಲ್ಲ ಎಂಬುದು ಇದರಿಂದಲೇ ಸ್ಪಷ್ಟ. ಆದರೂ ಅದರ ಪರಿಣಾಮ ಜಗತ್ತಿನ ಕಣ್ಣಿಗೆ ಬಿದ್ದದ್ದು ಅರ್ಜೆಂಟೀನಾದಲ್ಲಿ. ಉತ್ತರ ಅಮೆರಿಕದಿಂದ ಚಳಿಗಾಲ ಕಳೆಯಲು ಹೋಗುವ ಸ್ವೇನ್ಸನ್ ಗಿಡುಗಗಳು ಅಲ್ಲಿ ಮಿಡತೆ ತಿಂದು ಬದುಕುತ್ತವೆ. ಅವು ಎಲ್ಲಿಗೆ ಹೋಗುತ್ತವೆಂದು ತಿಳಿಯಲು ಒಂದೆರಡಕ್ಕೆ ಪುಟ್ಟ ರೇಡಿಯೋ ಪ್ರೇಷಕಗಳನ್ನು ಕಟ್ಟಿ, ಉಪಗ್ರಹದ ಮೂಲಕ ಹಿಂಬಾಲಿಸಿದ ಅಮೆರಿಕದ ವಿಜ್ಞಾನಿಗಳಿಗೆ, ತಲುಪಿದ ಜಾಗದಲ್ಲಿ ಹಕ್ಕಿಗಳ ಹೆಣಗಳು ಕಂಡವು. ಮಿಡತೆಗೆಂದು ಮಾನೋಕ್ರೋಟೋಫಾಸ್ ಹೊಡೆದ ಹೊಲಗಳವು. 1995-96ರ ಒಂದೇ ಋತುವಿನಲ್ಲಿ ಲೆಕ್ಕಕ್ಕೆ ಸಿಕ್ಕಿದ ಸಾವು ಐದು ಸಾವಿರಕ್ಕೂ ಮೇಲೆ. ಒಟ್ಟು ಇಪ್ಪತ್ತು ಸಾವಿರವಾದರೂ ಇರಬೇಕೆಂದು ಅಂದಾಜು. ಆ ಪ್ರದೇಶದಲ್ಲಿ ಆ ವಿಷವನ್ನು ಹಿಂದೆಗೆದುಕೊಂಡರು. ಮರುವರ್ಷ ಸತ್ತದ್ದು ಕಂಡುಬಂದದ್ದು 24 ಹಕ್ಕಿ ಮಾತ್ರ. ನಮ್ಮಲ್ಲಿ ಈ ವಿಷವನ್ನು ತರಕಾರಿಗೆ ಬಳಸದಂತೆ 2005ರಲ್ಲಿ ತಡೆದರು. ಪ್ರಚಾರದಲ್ಲಿದ್ದ ಅದರ 36 ಶೇಕಡಾ ದ್ರಾವಣವನ್ನು ನಿಲ್ಲಿಸುವ ಆದೇಶ 2023ರಲ್ಲಿ ಹೊರಟಿತು. ನಮ್ಮ ಎರೆಭೂಮಿಗೂ ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಸೆಳೆವ ಎಂಬ ಬೇಟೆಹಕ್ಕಿಗಳು ಬರುತ್ತವೆ, ಮಿಡತೆಗಳನ್ನೇ ತಿನ್ನುತ್ತವೆ. ಅವುಗಳ ಬೆನ್ನಿಗೆ ಅಂದು ಯಾರೂ ರೇಡಿಯೋ ಕಟ್ಟಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಹಕ್ಕಿಗಳ ಮಾತು. ಮೊಲೆಯುಣಿಸುವ ಪ್ರಾಣಿಗಳ ವಿಷಯಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಗಡಿಯ ಎಣ್ಮಕಜೆ, ಪಡ್ರೆ ಮೊದಲಾದ ಹಳ್ಳಿಗಳ ಗುಡ್ಡಗಳಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳಿವೆ. 1970ರ ದಶಕದ ಕೊನೆಯಿಂದ 2000ದವರೆಗೆ ಅವಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. 1979ರ ಸುಮಾರಿಗೆ ಪಡ್ರೆಯಲ್ಲಿ ಕರುಗಳು ಕಾಲು ಸೊಟ್ಟಗಾಗಿ ಹುಟ್ಟಿದವು. ಅದನ್ನು ಗಮನಿಸಿ 1981ರಲ್ಲಿ ಪತ್ರಿಕೆಗೆ ಬರೆದವರು ಕನ್ನಡದ ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು. ಆ ಕರುಗಳ ಮಾತನ್ನು ಕೇಳುವವರು ಆಗ ಹೆಚ್ಚು ಇರಲಿಲ್ಲ. ಆಮೇಲೆ ಮಕ್ಕಳಲ್ಲಿ ಅಂಗವಿಕಲತೆ, ಬುದ್ಧಿಮಾಂದ್ಯ, ಅಪಸ್ಮಾರಗಳು ಕಂಡಾಗ ದೇಶ ಕೇಳಿತು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನನ್ನು ನಿಷೇಧಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ತಡೆ ಹಾಕಿತು. ಕರುವಿನ ಕಾಲಿನಿಂದ ಕೋರ್ಟಿನ ಆಜ್ಞೆಯವರೆಗೆ ಮೂವತ್ತೆರಡು ವರ್ಷ ಹಿಡಿಯಿತು.

ಆದರೆ ಎಲ್ಲ ಕೇಡಿಗೂ ವಿಷವೇ ಕಾರಣವೆಂದು ಮೊದಲೇ ತೀರ್ಮಾನಿಸುವುದೂ ಸರಿಯಲ್ಲ. ಇದಕ್ಕೆ ಎರಡು ಉದಾಹರಣೆ ಕೊಡಬಹುದು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಹೊತ್ತಿಗೆ ಬಡ ಕುಟುಂಬಗಳ ಅನೇಕರಿಗೆ ಸೊಂಟ, ಮಂಡಿಗಳ ಸಂದು ಸವೆದು ನಡೆಯಲಾಗದ ಕಾಯಿಲೆ ಕಂಡಿತು. ಎಣ್ಣಿ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣವೆಂದು ಆಗ ಬಲವಾದ ಸಂಶಯವಿತ್ತು. ವೈದ್ಯರು ವಂಶಾವಳಿ ಹಿಡಿದು ಪರೀಕ್ಷಿಸಿದ ಮೇಲೆ ಅದು ತಂದೆತಾಯಿಯಿಂದ ಮಕ್ಕಳಿಗೆ ಇಳಿಯುವ ಕಾಯಿಲೆಯೆಂದು ತೋರಿತು. ಇನ್ನೊಂದು ರಣಹದ್ದುಗಳ ಕಥೆ. 1990ರ ದಶಕದಲ್ಲಿ ಅವು ಲಕ್ಷಗಟ್ಟಲೆ ಸತ್ತಾಗ ಕೀಟನಾಶಕದ ಮೇಲೂ ಸಂಶಯ ಬಿತ್ತು, ಸೋಂಕಿನ ಮೇಲೂ ಬಿತ್ತು. 2004ರಲ್ಲಿ ತಿಳಿದದ್ದು ಬೇರೆ: ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಮದ್ದು. ದನಕ್ಕೆ ನಿಜವಾಗಿಯೂ ಔಷಧ. ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡಕ್ಕೆ ವಿಷ. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. ನಮ್ಮ ರಾಮನಗರದ ಬೆಟ್ಟದಲ್ಲಿ ಉಳಿದ ಕೆಲವು ರಣಹದ್ದುಗಳಿಗಾಗಿ 2012ರಲ್ಲಿ ಧಾಮವಾಯಿತು. ಅನುಮಾನದಿಂದ ಅಪರಾಧಿ ಸಿಗುವುದಿಲ್ಲ, ಅಳತೆಯಿಂದ ಸಿಗುತ್ತಾನೆ ಎಂಬುದನ್ನು ಈ ಎರಡೂ ಹೇಳುತ್ತವೆ.

ಹಾಗಾದರೆ ಇಂದು ಅಳೆಯುವುದು ಹೇಗೆ? ಅದು ತ್ರೈರಾಶಿ ಬಲ್ಲವರಿಗೆಲ್ಲ ಅರ್ಥವಾಗುವ ಲೆಕ್ಕ. ಒಂದು ಗುಬ್ಬಿಯ ತೂಕ 25 ಗ್ರಾಂ ಎಂದಿಟ್ಟುಕೊಳ್ಳಿ. ಒಂದು ವಿಷದ ಅರ್ಧಮಾರಕ ಪ್ರಮಾಣ ಹಕ್ಕಿಗೆ ಕಿಲೋಗ್ರಾಮಿಗೆ 5 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಆಗ ಆ ಗುಬ್ಬಿಗೆ ಮಾರಕವಾದ ಪಾಲು ಒಂದು ಮಿಲಿಗ್ರಾಮಿನ ಎಂಟರಲ್ಲೊಂದು ಭಾಗ. ಗುಬ್ಬಿ ದಿನಕ್ಕೆ 5 ಗ್ರಾಂ ಕಾಳು ತಿನ್ನುತ್ತದೆ. ಆ ಕಾಳಿನಲ್ಲಿ ಕಿಲೋಗೆ 25 ಮಿಲಿಗ್ರಾಂ ವಿಷವಿದೆ. ಗುಣಿಸಿ ನೋಡಿದರೆ ಅದು ಹೊಟ್ಟೆಗೆ ತೆಗೆದುಕೊಂಡದ್ದೂ ಅದೇ ಎಂಟರಲ್ಲೊಂದು ಭಾಗ. ಮಾರಕ ಪಾಲನ್ನು ತಿಂದ ಪಾಲಿನಿಂದ ಭಾಗಿಸಿದರೆ ಉತ್ತರ ಒಂದು. ಯುರೋಪಿನ ನಿಯಮದಂತೆ ಒಂದೇ ಸಲ ತಿನ್ನುವ ಅಪಾಯಕ್ಕೆ ಈ ಉತ್ತರ ಕನಿಷ್ಠ ಹತ್ತು ಇರಬೇಕು; ದೀರ್ಘಕಾಲದ ಅಪಾಯಕ್ಕೆ ಕನಿಷ್ಠ ಐದು. ಅದಕ್ಕಿಂತ ಕಡಿಮೆ ಬಂದರೆ, ಹೊಲದಲ್ಲಿ ನಿಜವಾಗಿ ಏನಾಗುತ್ತದೆಂದು ತೋರಿಸದೆ ಆ ವಿಷಕ್ಕೆ ಒಪ್ಪಿಗೆ ಸಿಗುವುದಿಲ್ಲ.

ಈ ಲೆಕ್ಕದಲ್ಲಿ ಒಂದು ಮಾತು ಗಮನಿಸಬೇಕು. ಗುಬ್ಬಿ ದಿನಕ್ಕೆ ತನ್ನ ತೂಕದ ಐದರಲ್ಲೊಂದು ಪಾಲು ತಿನ್ನುತ್ತದೆ. 60 ಕಿಲೋ ತೂಕದ ಮನುಷ್ಯ ಎರಡು ಕಿಲೋ ಉಂಡರೂ ಅದು ಮೂವತ್ತರಲ್ಲೊಂದು ಪಾಲು. ಚಿಕ್ಕ ದೇಹಕ್ಕೆ ಹಸಿವು ದೊಡ್ಡದು. ಆದುದರಿಂದ ಒಂದೇ ಹೊಲದ ಒಂದೇ ಕಾಳಿನಿಂದ ಗುಬ್ಬಿಗೂ ಸುಂಡಿಲಿಗೂ ಬರುವ ಅಪಾಯ ನಮಗೆ ಬರುವುದರ ಎಷ್ಟೋ ಪಟ್ಟು. ಅಂದರೆ ಅಪಾಯವೆಂಬುದು ವಿಷದ ಬಲವೊಂದೇ ಅಲ್ಲ. ಅದು ವಿಷದ ಬಲ ಮತ್ತು ತಿನ್ನುವವರ ಊಟ ಎರಡೂ ಕೂಡಿದ್ದು. ಮೇಲೆ ಹೇಳಿದ ಅಳತೆಗೋಲುಗಳೆಲ್ಲ ಸೋತದ್ದು ಈ ಎರಡನೆಯದನ್ನು ಮರೆತಾಗಲೇ.

ಈಗ ನಮ್ಮ ಮೂರು ಊರುಗಳಿಗೆ ಬರೋಣ. ಮಾನ್ವಿಯ ಗದ್ದೆಯಲ್ಲಿ ಅಪಾಯ ಹರಳಿನ ರೂಪದಲ್ಲಿ ಬರುತ್ತದೆ. ಕಾಂಡಕೊರಕಕ್ಕೆಂದು ಎರಚುವ ಹರಳುಗಳು ನೋಡಲು ಮರಳಿನಂತೆ, ಸಣ್ಣ ಕಾಳಿನಂತೆ ಇರುತ್ತವೆ. ಹಕ್ಕಿಗೆ ಹಲ್ಲಿಲ್ಲ, ಕಾಳನ್ನು ಹೊಟ್ಟೆಯಲ್ಲಿ ಅರೆಯಲು ಅದು ಮರಳನ್ನು ನುಂಗುತ್ತದೆ. ಕಾರ್ಬೋಫ್ಯುರಾನ್ ಹರಳುಗಳನ್ನು ಹೀಗೆ ನುಂಗಿ ಹಕ್ಕಿಗಳು ಸತ್ತದ್ದರಿಂದಲೇ ಅಮೆರಿಕ 1990ರ ದಶಕದ ಮೊದಲಲ್ಲಿ ಅವನ್ನು ಬಹುಮಟ್ಟಿಗೆ ಕೈಬಿಟ್ಟಿತು. ನಮ್ಮಲ್ಲಿ ಫೋರೇಟ್ 2020ರ ಕೊನೆಗೆ ನಿಷೇಧವಾಯಿತು. ಕಾರ್ಬೋಫ್ಯುರಾನಿನ ಮೇಲೆ 2023ರಲ್ಲಿ ಕಟ್ಟುಪಾಡು ಬಂತು. ನಿಂತ ನೀರಿನಲ್ಲಿ ಬೆಳ್ಳಕ್ಕಿ ಮೀನು ಹಿಡಿಯುತ್ತದೆ; ಚಳಿಗಾಲದಲ್ಲಿ ದೂರದ ನಾಡಿನ ಬಾತುಗಳೂ ಬರುತ್ತವೆ. ಕ್ಲಿಯರ್ ಲೇಕಿನ ಮೆಟ್ಟಿಲುಗಳು ನೆನಪಿರಲಿ.

ದೇವದುರ್ಗದ ಕಡೆಯ ಹತ್ತಿ ಹೊಲದಲ್ಲಿ ಅಪಾಯ ಬೀಜದಲ್ಲೂ ಹುಳುವಿನಲ್ಲೂ ಇದೆ. 2002ರಲ್ಲಿ ದೇಶಕ್ಕೆ ಬಿ.ಟಿ. ಹತ್ತಿ ಬಂದ ಮೇಲೆ ಕಾಯಿಕೊರಕಕ್ಕೆ ಹೊಡೆಯುವುದು ಮೊದಲಿಗೆ ಕಡಿಮೆಯಾದದ್ದು ನಿಜ. ಆಮೇಲೆ ಗುಲಾಬಿ ಕಾಯಿಕೊರಕ ಅದನ್ನು ಗೆದ್ದಿತು. ರಸ ಹೀರುವ ಕೀಟಗಳಿಗೆ ಎಣ್ಣಿ ನಿಲ್ಲಲೇ ಇಲ್ಲ. ಪೊಟ್ಟಣದ ಬೀಜಕ್ಕೆ ಬಣ್ಣದ ಜೊತೆಗೆ ಕೀಟನಾಶಕ ಲೇಪಿಸಿ ಮಾರುವುದೂ ರೂಢಿಯಾಯಿತು. ಬಿತ್ತನೆಯ ದಿನ ನೆಲದ ಮೇಲೆ ಚೆಲ್ಲಿದ ಅಂಥ ಬೀಜ, ಅದು ಯಾವ ಬೆಳೆಯದೇ ಆಗಲಿ, ಕೌಜುಗ, ನವಿಲುಗಳಿಗೆ ಭರತಪುರದ ಗೋಧಿಯಂತೆಯೇ. ಹೊಡೆದ ಮರುದಿನ ಒದ್ದಾಡುವ ಹುಳುಗಳು ಸುಲಭವಾಗಿ ಸಿಗುತ್ತವೆಂದು ಕಾಜಾಣವೂ ಗೊರವಂಕವೂ ಅಲ್ಲಿಗೇ ಬರುತ್ತವೆ. ಹೊಸದಾಗಿ ಹೊಡೆದ ಹೊಲದ ಬದುವಿನ ಹುಲ್ಲನ್ನು ಎತ್ತು, ಎಮ್ಮೆ, ಆಡುಗಳಿಗೆ ಹಾಕುವುದೂ ಇದೇ ಲೆಕ್ಕಕ್ಕೆ ಸೇರಿದ್ದು. ಚಿಗರಿ, ಮೊಲಗಳನ್ನಂತೂ ಕಟ್ಟಿಹಾಕುವವರಿಲ್ಲ.

ರಾಯಚೂರು ನಗರದಲ್ಲಿ, ಗಂಜಿನ ಸುತ್ತ, ಗೋದಾಮುಗಳಲ್ಲಿ ಅಪಾಯ ಇಲಿಪಾಷಾಣದ ರೂಪದ್ದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೋಮಾಡಯೊಲೋನ್‌ನಂಥ ಮದ್ದು ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ತಿರುಗುತ್ತದೆ. ಆ ದಿನಗಳಲ್ಲಿ ಅದನ್ನು ಹಿಡಿದ ಗೂಬೆ, ಹದ್ದು, ಮುಂಗುಸಿ, ಮನೆಯ ಬೆಕ್ಕು ವಿಷವನ್ನೂ ಉಣ್ಣುತ್ತವೆ. ನೂರಾರು ಇಲಿ ತಿನ್ನುವ ಒಂದು ಗೂಬೆ ಸತ್ತರೆ ಗೋದಾಮಿನವರಿಗೆ ಲಾಭವೋ ನಷ್ಟವೋ ನೀವೇ ಹೇಳಿರಿ.

ಪಟ್ಟಣದಲ್ಲಿದ್ದು ಈ ಪತ್ರಿಕೆ ಓದುವ ನಿಮಗೆ ಇದರಲ್ಲಿ ಮಾಡಲು ಏನಿದೆ? ನಿಮ್ಮಲ್ಲಿ ಅನೇಕರಿಗೆ ಹಳ್ಳಿಯಲ್ಲಿ ಹೊಲವಿದೆ. ಪಾಲಿಗೋ ಗುತ್ತಿಗೆಗೋ ಕೊಟ್ಟ ಭೂಮಿಯಿದೆ. ಬಣ್ಣದ ಬೀಜ ಮೇಲೆ ಉಳಿಯದಂತೆ ಮುಚ್ಚಿಸಿ, ಮಿಕ್ಕಿದ್ದನ್ನು ಕೋಳಿಗೆ ಚೆಲ್ಲಬೇಡಿ. ಸತ್ತ ಇಲಿಯನ್ನು ತಿಪ್ಪೆಗೆಸೆಯದೆ ಆಳವಾಗಿ ಹೂಳಿಸಿ. ಕೀಡೆ ಕಂಡೊಡನೆ ಡಬ್ಬಿ ತೆರೆಯುವ ಬದಲು, ತೊಗರಿ, ಕಡಲೆ ಹೊಲದಲ್ಲಿ ಹಕ್ಕಿ ಕೂರಲು ಅಡ್ಡಪಟ್ಟಿಯ ಗೂಟಗಳನ್ನು ನೆಡಿಸಿ. ಕೃಷಿ ವಿಜ್ಞಾನಿಗಳೂ ಇದನ್ನೇ ಹೇಳುತ್ತಾರೆ. ನಮ್ಮ ಹಿರಿಯರು ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲುತ್ತಿದ್ದುದು ಭೂತಾಯಿಯ ಪೂಜೆಗಾಗಿ. ಆ ಅನ್ನಕ್ಕೆ ಬಂದ ಹಕ್ಕಿ ಅನ್ನವನ್ನಷ್ಟೇ ತಿಂದು ಹೋಗುವುದಿಲ್ಲ, ಗಿಡದ ಕೀಡೆಯನ್ನೂ ಹೆಕ್ಕುತ್ತದೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಹೊಲದಲ್ಲಿ ಒಂದೇ ಕಡೆ ಹಲವು ಹಕ್ಕಿ ಸತ್ತುಬಿದ್ದದ್ದನ್ನು ಕಂಡರೆ ಬರಿಗೈಯಲ್ಲಿ ಮುಟ್ಟದೆ, ದಿನಾಂಕ, ಊರು, ಬೆಳೆ, ಹೊಡೆದ ಎಣ್ಣಿಯ ಹೆಸರು ಇಷ್ಟನ್ನು ಬರೆದಿಟ್ಟು ಪಶುವೈದ್ಯರಿಗೋ ಅರಣ್ಯ ಇಲಾಖೆಗೋ ತಿಳಿಸಿರಿ. 2008ರಲ್ಲಿ ಸ್ಥಾಪನೆಯಾದ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ, ಆಹಾರದಲ್ಲಿ ಉಳಿದ ಕೀಟನಾಶಕವನ್ನು ಪತ್ತೆಮಾಡುವ ಪ್ರಯೋಗಾಲಯವಿದೆ. ಅಳೆಯುವ ವಿದ್ಯೆ ನಮ್ಮ ಊರಿಗೇ ಬಂದಿದೆ. ಆದರೆ ಬೈರಿಯ ಗೂಡು ಬರಿದಾದದ್ದನ್ನು ತಿಳಿಸಿದ್ದು ಗಣತಿ. ಗಿಡುಗದ ಹೆಣ ಕಂಡದ್ದು ಹಿಂಬಾಲಿಸಿ ಹೋದವರಿಗೆ. ಕರುವಿನ ಕಾಲನ್ನು ನೋಡಿದ್ದು ಊರಿನವರೇ. ಯಂತ್ರ ಅಳೆಯುವುದು ಆಮೇಲೆ, ಮನುಷ್ಯ ನೋಡುವುದು ಮೊದಲು. ಎಡೆದೊರೆಯ ಹಕ್ಕಿಗಳ ಲೆಕ್ಕ ಬರೆಯುವ ಕೆಲಸ ಹೀಗೆ ನೋಡುವವರಿಂದ, ಎಂದರೆ ನಿಮ್ಮಿಂದ, ಆರಂಭವಾಗಬೇಕು.